ಹೋಗುವಾಗ 17 ಗಂಟೆ, ಬರುವಾಗ ಏಳೇ ಗಂಟೆಯಾ?

ಪ್ರಶ್ನೆ: ನಾವು ಗೋಣಿಕೊಪ್ಪಲಿನವರು. ಮಗಳು ಸಿಡ್ನಿಯಲ್ಲಿದ್ದಾಳೆ. ಈ ಸಲ ತಲಕಾವೇರಿಯ ತೀರ್ಥೋದ್ಭವ ಮುಗಿಸಿಕೊಂಡು ಅಕ್ಟೋಬರ್ ಕೊನೆಗೆ ಹೊರಟು, ನವೆಂಬರ್–ಡಿಸೆಂಬರ್‌ನ ಪುತ್ತರಿ ಹಬ್ಬಕ್ಕೆ ವಾಪಸ್ ಬರುವ ಯೋಚನೆ ಇದೆ. ಮಗಳು ಕಳಿಸಿದ ನೇರ ವಿಮಾನದ ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು ಸಂಜೆ 6:35, ಸಿಡ್ನಿ ತಲುಪುವುದು ಮರುದಿನ ಬೆಳಿಗ್ಗೆ 11:35 ಎಂದಿದೆ. ಅಲ್ಲಿಗೆ 17 ಗಂಟೆ ಆಯಿತು. ಬರುವಾಗ ಬೆಳಿಗ್ಗೆ 9:30ಕ್ಕೆ ಬಿಟ್ಟು ಅದೇ ದಿನ ಸಂಜೆ 4:50ಕ್ಕೆ ಬೆಂಗಳೂರು. ಬರೀ 7 ಗಂಟೆ 20 ನಿಮಿಷ! ಮೊಬೈಲ್‌ನಲ್ಲಿ ಹುಡುಕಿದರೆ ದೂರ ಸುಮಾರು 9,350 ಕಿ.ಮೀ., ಸಮಯ 11 ಗಂಟೆ ಅಂತ ಬರುತ್ತದೆ. ಇದರಲ್ಲಿ ಯಾವುದು ನಿಜ? ಪೇಟೆಯ ಏಜೆಂಟ್ ಬೇರೆ, ದುಬೈ ಮೇಲೆ ಹೋದರೆ ಅಗ್ಗ, ಸಿಂಗಾಪುರದ ಮೇಲೂ ಹೋಗಬಹುದು ಅನ್ನುತ್ತಾರೆ. ನನ್ನ ಹೆಂಡತಿಯ ಚಿಂತೆ ಇನ್ನೊಂದು: ಅಷ್ಟು ದೊಡ್ಡ ಸಮುದ್ರದ ಮಧ್ಯೆ ಎಂಜಿನ್ ನಿಂತರೆ ಎಲ್ಲಿಗೆ ಹೋಗೋದು?

ಉತ್ತರ: ಟಿಕೆಟ್ ಸರಿಯಾಗಿದೆ, ಮೊಬೈಲೂ ಹೆಚ್ಚು ಕಡಿಮೆ ಸರಿಯಾಗಿದೆ. ತಪ್ಪಿದ್ದು ನಿಮ್ಮ ಕಳೆಯುವ ಲೆಕ್ಕ ಮಾತ್ರ. ಬೇಜಾರು ಮಾಡ್ಕೋಬೇಡಿ. ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವ ಡಿಸ್ಪ್ಯಾಚರ್ ಕೆಲಸದಲ್ಲಿ ನಾನು ಆಯುಸ್ಸಿನ ಅರ್ಧ ಕಳೆದೆ. ಮಡಿಕೇರಿಯಲ್ಲಿ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ.

ಟಿಕೆಟ್‌ನಲ್ಲಿ ಬರೆಯುವ ಸಮಯ ಯಾವತ್ತೂ ಆಯಾ ಊರಿನ ಗಡಿಯಾರದ್ದು. 6:35 ಬೆಂಗಳೂರಿನ ಗಡಿಯಾರ, 11:35 ಸಿಡ್ನಿಯ ಗಡಿಯಾರ. ನೀವು ಹೋಗುವ ಹೊತ್ತಿಗೆ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ ಇರುತ್ತದೆ. ಹಾಗಾಗಿ ಹೋಗುವಾಗ ಆ ಐದೂವರೆಯನ್ನು ಕಳೆಯಬೇಕು: 17ರಲ್ಲಿ ಐದೂವರೆ ಹೋದರೆ ಹನ್ನೊಂದೂವರೆ ಗಂಟೆ. ಬರುವಾಗ ಕೂಡಿಸಬೇಕು: 7 ಗಂಟೆ 20 ನಿಮಿಷಕ್ಕೆ ಐದೂವರೆ ಸೇರಿದರೆ 12 ಗಂಟೆ 50 ನಿಮಿಷ. ನಿಮ್ಮ ನಿಜವಾದ ಪ್ರಯಾಣದ ಹೊತ್ತು ಇದು. ಟಿಕೆಟ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಅವಧಿ’ ಅಂತ ಒಂದು ಸಾಲು ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ.

ಈ ವ್ಯತ್ಯಾಸ ವರ್ಷವಿಡೀ ಐದೂವರೆ ಗಂಟೆಯೇ ಇರುವುದಿಲ್ಲ. ಸಿಡ್ನಿಯವರು ಅಕ್ಟೋಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಏಪ್ರಿಲ್‌ನ ಮೊದಲ ಭಾನುವಾರ ಹಿಂದಕ್ಕೆ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಮಗಳಿಗೆ ಫೋನ್ ಮಾಡಿದರೆ ವ್ಯತ್ಯಾಸ ನಾಲ್ಕೂವರೆ ಗಂಟೆ, ಪುತ್ತರಿಗೆ ಮಾಡಿದರೆ ಐದೂವರೆ. ಅಲ್ಲಿನವರಿಗೆ ಬೇಸಿಗೆಯ ಸಂಜೆ ಬೆಳಕು ಇನ್ನೊಂದು ಗಂಟೆ ಸಿಗಲಿ ಎಂದು ಮಾಡಿಕೊಂಡ ಏರ್ಪಾಡು ಅದು.

ಈಗ ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಬರೋಣ. ಗಡಿಯಾರ ಸರಿಮಾಡಿಕೊಂಡ ಮೇಲೂ ಹೋಗಲು ಹನ್ನೊಂದೂವರೆ ಗಂಟೆ, ಬರಲು ಹತ್ತಿರ ಹತ್ತಿರ ಹದಿಮೂರು. ಒಂದೇ ದಾರಿ, ಅದೇ ಥರದ ವಿಮಾನ. ಈ 1 ಗಂಟೆ 20 ನಿಮಿಷ ಎಲ್ಲಿಗೆ ಹೋಯಿತು?

ಅದನ್ನು ಗಾಳಿ ತಿಂದಿತು. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ ಗಾಳಿಯೇ ಒಂದು ಹೊಳೆ. ನಮ್ಮ ಭಾಗದಿಂದ ಸಿಡ್ನಿಗೆ ಹೋಗುವ ದಾರಿಯ ಕೊನೆಯ ಮೂರನೇ ಒಂದು ಭಾಗದಲ್ಲಿ, ಅಂದರೆ ಆಸ್ಟ್ರೇಲಿಯಾದ ನೆಲದ ಮೇಲೆ, ಈ ಹೊಳೆ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಅದರಲ್ಲೂ ಕಿರಿದಾಗಿ, ಜೋರಾಗಿ ಹರಿಯುವ ಭಾಗಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ 150–200 ಕಿ.ಮೀ. ವೇಗ ಅದಕ್ಕೆ ದೊಡ್ಡದಲ್ಲ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಗೊತ್ತು, ಕೆಳಗಿಳಿಯಲು ಹುಟ್ಟು ಹಾಕುವುದೇ ಬೇಡ. ಅದೇ ರಾಫ್ಟನ್ನು ಮೇಲಕ್ಕೆ ಹುಟ್ಟು ಹಾಕಿ ತನ್ನಿ ನೋಡೋಣ!

ಲೆಕ್ಕದಲ್ಲೇ ತೋರಿಸುತ್ತೇನೆ. ಈ ದಾರಿಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ಕಂಪನಿ ನೇರ ವಿಮಾನ ಶುರು ಮಾಡಿದ್ದು ಏರ್‌ಬಸ್ ಎ330ರಲ್ಲಿ. ಆ ವಿಮಾನ ಸುತ್ತಲಿನ ಗಾಳಿಗೆ ಹೋಲಿಸಿದರೆ ಗಂಟೆಗೆ ಸುಮಾರು 870 ಕಿ.ಮೀ. ಓಡುತ್ತದೆ. ಗಾಳಿಯೇ ಇಲ್ಲ ಅಂದುಕೊಂಡರೆ 9,350 ಕಿ.ಮೀ.ಗೆ 10 ಗಂಟೆ 45 ನಿಮಿಷ ಬೇಕು. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಮೇಲಿನ ವೇಗ 930, ಸಮಯ 10 ಗಂಟೆ 3 ನಿಮಿಷ. ಅದೇ ಗಾಳಿ ಎದುರಿಗಿದ್ದರೆ ವೇಗ 810, ಸಮಯ 11 ಗಂಟೆ 33 ನಿಮಿಷ. ಒಂದೂವರೆ ಗಂಟೆಯ ವ್ಯತ್ಯಾಸ ಬಂತಲ್ಲ! ನಿಮ್ಮ ಟಿಕೆಟ್‌ನ 1 ಗಂಟೆ 20 ನಿಮಿಷಕ್ಕೆ ಇದು ಹತ್ತಿರವೇ ಇದೆ.

ಇನ್ನೊಂದು ತಮಾಷೆ ಇದೆ. ಹೋಗುವಾಗ ಲಾಭ, ಬರುವಾಗ ನಷ್ಟ, ಒಟ್ಟಿಗೆ ಸರಿಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. ಮೇಲಿನ ಎರಡನ್ನೂ ಕೂಡಿಸಿ: 21 ಗಂಟೆ 36 ನಿಮಿಷ. ಗಾಳಿ ಇಲ್ಲದಿದ್ದರೆ 21 ಗಂಟೆ 30 ನಿಮಿಷ. ಆರು ನಿಮಿಷ ಕೈಬಿಟ್ಟಿತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು. ನಷ್ಟದ ಅಂಗಡಿಯಲ್ಲೇ ಜಾಸ್ತಿ ಹೊತ್ತು ಕೂತ ಹಾಗೆ.

ಟಿಕೆಟ್‌ನ ಅವಧಿಗೂ ಈ ಲೆಕ್ಕಕ್ಕೂ ಇನ್ನೂ ಒಂದು ಗಂಟೆಗಿಂತ ಜಾಸ್ತಿ ಅಂತರ ಉಳಿಯುತ್ತದೆ ಅಂತ ನೀವು ಕೇಳಬಹುದು. ಟಿಕೆಟ್‌ನ ಸಮಯ ವಿಮಾನ ಗೇಟ್ ಬಿಡುವ ಗಳಿಗೆಯಿಂದ ಇನ್ನೊಂದು ಗೇಟ್‌ನಲ್ಲಿ ನಿಲ್ಲುವ ಗಳಿಗೆಯವರೆಗಿನದ್ದು. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ಸುತ್ತು ಹಾಕುವುದು ಎಲ್ಲ ಸೇರಿತು. ಜೊತೆಗೆ ಕಂಪನಿಯವರು ಒಂದಿಷ್ಟು ಸಮಯವನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಹಾಗೆ ಮಾಡಿದರೆ ತಡವಾಗಿ ಹೊರಟರೂ ‘ಸಮಯಕ್ಕೆ ಸರಿಯಾಗಿ ತಲುಪಿದೆವು’ ಅನ್ನಬಹುದು. ನಿಮ್ಮ ಮೊಬೈಲ್ ಇದ್ಯಾವುದನ್ನೂ ನೋಡುವುದಿಲ್ಲ. ದೂರವನ್ನು ಒಂದು ವೇಗದಿಂದ ಭಾಗಿಸುತ್ತದೆ, ಮುಗೀತು. ಅದಕ್ಕೇ ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ.

ಗಾಳಿ ಎಷ್ಟು ಆಟ ಆಡಿಸಬಲ್ಲದು ಎಂಬುದಕ್ಕೆ ಅಟ್ಲಾಂಟಿಕ್ ಕಡೆಯ ಒಂದು ಉದಾಹರಣೆ. ನ್ಯೂಯಾರ್ಕ್‌ನಿಂದ ಲಂಡನ್ 5,500 ಕಿ.ಮೀ. ಚಿಲ್ಲರೆ. ಸಾಮಾನ್ಯವಾಗಿ ಆರೂವರೆ–ಏಳು ಗಂಟೆ. 2020ರ ಫೆಬ್ರವರಿ 8–9ರ ರಾತ್ರಿ ಕಿಯಾರಾ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು. ಒಂದು ಹಂತದಲ್ಲಿ ನೆಲದ ಮೇಲಿನ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಪೈಲಟ್ ಏನೂ ವಿಶೇಷ ಮಾಡಲಿಲ್ಲ, ಹೊಳೆ ತುಂಬಿ ಹರಿಯುತ್ತಿತ್ತು ಅಷ್ಟೆ.

ಕೊಡಗಿನವರಿಗೆ ಹೇಳಲೇಬೇಕಾದ ಒಂದು ಗಾಳಿ ಇದೆ. ಜುಲೈನಲ್ಲಿ ಭಾಗಮಂಡಲದಲ್ಲಿ ಕೊಡೆ ಮುರಿಯುವ ಗಾಳಿ ನೈಋತ್ಯದಿಂದ ಬರುತ್ತದೆ, ಅದು ನಿಮಗೆ ಗೊತ್ತಿರುವುದೇ. ಆದರೆ ಅದೇ ದಿನ, ಅದೇ ಭಾಗಮಂಡಲದ ತಲೆಯ ಮೇಲೆ 14–16 ಕಿ.ಮೀ. ಎತ್ತರಕ್ಕೆ ಹೋದರೆ ಗಾಳಿ ಉಲ್ಟಾ. ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಅದೂ ಜೋರಾಗಿ. ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದನ್ನು ವಿವರಿಸಿದರು. ಮಳೆಗಾಲದಲ್ಲಿ ದಕ್ಷಿಣ ಭಾರತದಿಂದ ಪೂರ್ವಕ್ಕೆ ಹೊರಡುವ ವಿಮಾನಕ್ಕೆ ಮೊದಮೊದಲು ಇದರ ಅಂಚಾದರೂ ಎದುರಾಗುತ್ತದೆ, ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಬೆನ್ನು ತಟ್ಟುತ್ತದೆ. ನೀವು ಹೊರಡುವ ಅಕ್ಟೋಬರ್ ಕೊನೆಗೆ ಅದು ಮಾಯವಾಗಿರುತ್ತದೆ. ಆದ್ದರಿಂದ ನಿಮಗೆ ಅದರ ಕಾಟವಿಲ್ಲ. ಆದರೂ ಬರೆದೆ. ಕೆಲಸದಲ್ಲಿದ್ದಾಗ ದಿನಾ ಗಾಳಿಯ ನಕ್ಷೆ ನೋಡುತ್ತಿದ್ದವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ದೂರ. 9,350 ಕಿ.ಮೀ. ಅನ್ನುವುದು ಭೂಮಿಯ ಉಬ್ಬಿನ ಮೇಲೆ ಎಳೆದ ಅತಿ ಹತ್ತಿರದ ಗೆರೆ. ಇದನ್ನು ಅರ್ಥ ಮಾಡಿಕೊಳ್ಳಲು ಪುಸ್ತಕ ಬೇಡ. ತೋಟದಿಂದ ಒಂದು ಕಿತ್ತಳೆ ಕಿತ್ತು ತನ್ನಿ. ಎರಡು ಗುಂಡುಸೂಜಿ ಚುಚ್ಚಿ, ನಡುವೆ ಒಂದು ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಎಲ್ಲಿ ಕೂರುತ್ತದೋ ಅದೇ ಹತ್ತಿರದ ದಾರಿ. ಎರಡೂ ಸೂಜಿಗಳನ್ನು ತೊಟ್ಟಿನ ಕಡೆಗೆ, ಒಂದು ಈ ಪಕ್ಕ ಒಂದು ಆ ಪಕ್ಕ ಚುಚ್ಚಿದರೆ ದಾರ ಸುತ್ತು ಹಾಕುವುದಿಲ್ಲ, ತೊಟ್ಟಿನ ಮೇಲೇ ಹಾದುಹೋಗುತ್ತದೆ. ಗೋಡೆಯ ನಕ್ಷೆ ಅಂದರೆ ಈ ಕಿತ್ತಳೆಯ ಸಿಪ್ಪೆಯನ್ನು ಎಳೆದು ಚಪ್ಪಟೆ ಮಾಡಿದ ಹಾಗೆ, ಅಲ್ಲಿ ಈ ದಾರಿ ಕಾಣುವುದೇ ಇಲ್ಲ. ಅಂದ ಹಾಗೆ ನಮ್ಮ ಕಿತ್ತಳೆ ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ ಇರುತ್ತದಲ್ಲ, ಭೂಮಿಯೂ ಹಾಗೇ. ಆದರೆ ಅಷ್ಟೊಂದಲ್ಲ. 12,756 ಕಿ.ಮೀ. ಅಗಲದಲ್ಲಿ ಬರೀ 43 ಕಿ.ಮೀ.ಯಷ್ಟು.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಸಲ ನೇರವಾಗಿ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ಸುಮಾರು 14,000 ಕಿ.ಮೀ. ಹಾದಿ. ಗೋಡೆಯ ನಕ್ಷೆ ನೋಡಿದವರು ‘ಅಷ್ಟು ಮೇಲೆ ಯಾಕೆ ಹೋದರು’ ಎಂದು ಕೇಳಿದರು. ಅವರು ಕಿತ್ತಳೆಯ ತೊಟ್ಟಿನ ಮೇಲೆ ಬಂದಿದ್ದರು, ಅಷ್ಟೆ.

ನಿಮ್ಮ ಸಿಡ್ನಿ ದಾರಿಯಲ್ಲಿ ಈ ಗೊಂದಲ ಇಲ್ಲ. ಭೂಮಧ್ಯರೇಖೆಯನ್ನು ದಾಟುವ ದಾರಿಯಾದ್ದರಿಂದ ಚಪ್ಪಟೆ ನಕ್ಷೆಯಲ್ಲೂ ಹೆಚ್ಚು ಕಡಿಮೆ ನೇರವಾಗೇ ಕಾಣುತ್ತದೆ. ಗೋಳದ ಮೇಲೆ ಗೆರೆ ಎಳೆದರೆ ಅದು ಬೆಂಗಳೂರಿನಿಂದ ಆಗ್ನೇಯಕ್ಕೆ ಹೊರಟು ಕಡಲೂರಿನ ಹತ್ತಿರ ನಮ್ಮ ದಡ ಬಿಡುತ್ತದೆ. ಸುಮಾತ್ರಾ, ಜಾವಾ ದ್ವೀಪಗಳನ್ನು ಎಡಕ್ಕೆ ಬಿಟ್ಟು ಹಿಂದೂ ಮಹಾಸಾಗರ ದಾಟಿ, ಬ್ರೂಮ್ ಮತ್ತು ಪೋರ್ಟ್ ಹೆಡ್‌ಲ್ಯಾಂಡ್ ಊರುಗಳ ನಡುವೆ ಆಸ್ಟ್ರೇಲಿಯಾದ ದಡ ಮುಟ್ಟುತ್ತದೆ. ಆಮೇಲೆ ಮರುಭೂಮಿ. ಉಲುರು ಎಂಬ ದೊಡ್ಡ ಕೆಂಪು ಬಂಡೆಯ ಪಕ್ಕದಲ್ಲೇ ಹಾದು ಸಿಡ್ನಿಗೆ. ಇಡೀ ದಾರಿ ಸಮುದ್ರವೇ ಅಂತ ನಿಮ್ಮ ಮನೆಯವರು ಹೆದರಿದ್ದಾರೆ, ಹಾಗೇನಿಲ್ಲ. ನೀರಿನ ಮೇಲೆ ಸುಮಾರು 5,700 ಕಿ.ಮೀ. ಮಾತ್ರ, ಉಳಿದದ್ದು ನೆಲ. ನಿಜವಾದ ವಿಮಾನ ಈ ಗೆರೆಯನ್ನೇ ಹಿಡಿಯುತ್ತದೆ ಅಂತಲೂ ಅಲ್ಲ. ಡಿಸ್ಪ್ಯಾಚರ್ ಆ ದಿನದ ಗಾಳಿ ನೋಡಿ, 200 ಕಿ.ಮೀ. ಉದ್ದವಾದರೂ ಬೇಗ ಮುಟ್ಟುವ ದಾರಿ ಸಿಕ್ಕರೆ ಅದನ್ನೇ ಹಾಕುತ್ತಾನೆ. ಗಂಟೆಗೆ ಐದೂವರೆ–ಆರು ಟನ್ ಇಂಧನ ಕುಡಿಯುವ ಯಂತ್ರ ಅದು. ಹತ್ತು ನಿಮಿಷ ಉಳಿದರೆ ಸುಮಾರು ಒಂದು ಟನ್ ಉಳಿಯಿತು.

ಈಗ ಏಜೆಂಟ್ ಮಾತು. ಸಿಂಗಾಪುರದ ಮೇಲೆ ಹೋದರೆ ಬೆಂಗಳೂರಿನಿಂದ ಅಲ್ಲಿಗೆ ಸುಮಾರು 3,180, ಅಲ್ಲಿಂದ ಸಿಡ್ನಿಗೆ ಸುಮಾರು 6,300 ಕಿ.ಮೀ. ಒಟ್ಟು ನೇರ ದಾರಿಗಿಂತ ಬರೀ 130 ಕಿ.ಮೀ. ಜಾಸ್ತಿ. ಹೆಚ್ಚು ಕಡಿಮೆ ಮಡಿಕೇರಿಯಿಂದ ಮೈಸೂರಿಗೆ ಹೋದಷ್ಟು ಅಂದುಕೊಳ್ಳಿ. ದುಬೈ ಮೇಲೆ ಹೋದರೆ ಮೊದಲು 2,700 ಕಿ.ಮೀ. ಹಿಂದಕ್ಕೆ ಹೋಗಿ, ಅಲ್ಲಿಂದ 12,000 ಕಿ.ಮೀ. ಮುಂದಕ್ಕೆ ಬರಬೇಕು. 14,700! ವಿರಾಜಪೇಟೆಯಿಂದ ಮೈಸೂರಿಗೆ ಹೋಗಲು ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ ಬಸ್ ಹತ್ತಿದ ಹಾಗಾಯಿತು. ದುಡ್ಡು ಉಳಿಯಬಹುದು. ಆದರೆ ಅರವತ್ತು ದಾಟಿದವರು ಕೂತಲ್ಲೇ ಹದಿನಾಲ್ಕು ಗಂಟೆ ಕೂತು, ಅದಕ್ಕೂ ಮೊದಲು ನಾಲ್ಕು ಗಂಟೆ ಕೂತು, ಮಧ್ಯೆ ಅರ್ಧ ರಾತ್ರಿ ಬೆಂಚಿನ ಮೇಲೆ ತೂಕಡಿಸುವುದು ನನಗೆ ಸರಿ ಕಾಣುವುದಿಲ್ಲ. ನೇರ ಟಿಕೆಟ್ ದುಬಾರಿ ಅನಿಸಿದರೆ ಸಿಂಗಾಪುರ ಹಿಡಿಯಿರಿ. ನಡುವೆ ಎರಡು–ಮೂರು ಗಂಟೆ ಕಾಲು ಚಾಚಿ ಓಡಾಡಬಹುದು, ಮೊಣಕಾಲಿಗೂ ಒಳ್ಳೆಯದು. ಒಂದೂವರೆ ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ಮಾತ್ರ ತಗೋಬೇಡಿ.

ನಿಮ್ಮ ಮನೆಯವರ ಪ್ರಶ್ನೆಯೇ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಎ330ಗೆ ಎರಡೇ ಎಂಜಿನ್. ಹಿಂದೆ ಎರಡು ಎಂಜಿನ್‌ನ ವಿಮಾನ ಯಾವಾಗಲೂ ಯಾವುದಾದರೂ ನಿಲ್ದಾಣದಿಂದ 60 ನಿಮಿಷದ ಒಳಗೇ ಇರಬೇಕು ಎಂಬ ನಿಯಮವಿತ್ತು. ಅದಕ್ಕೇ ಸಾಗರ ದಾಟಲು ಮೂರು ನಾಲ್ಕು ಎಂಜಿನ್‌ನ ವಿಮಾನ ಬೇಕಿತ್ತು. ಎಂಜಿನ್‌ಗಳು ಸುಧಾರಿಸಿದ ಮೇಲೆ 1985ರಲ್ಲಿ ಅದು 120 ನಿಮಿಷ ಆಯಿತು, 1988ರಲ್ಲಿ 180. ಎಟಾಪ್ಸ್ ಅಂತ ಆ ನಿಯಮದ ಹೆಸರು. ಈ ನಿಮಿಷಗಳನ್ನು ಎಣಿಸುವುದು ಒಂದೇ ಎಂಜಿನ್‌ನಲ್ಲಿ ಹಾರುವ ವೇಗದ ಮೇಲೆ. ಅಂದರೆ ವಿಮಾನ ಹೊರಡುವ ಮೊದಲೇ, ಒಂದು ಎಂಜಿನ್ ಈ ಬಿಂದುವಿನಲ್ಲಿ ನಿಂತರೆ ಎಲ್ಲಿಗೆ, ಆ ಬಿಂದುವಿನಲ್ಲಿ ನಿಂತರೆ ಎಲ್ಲಿಗೆ ಅಂತ ಕಾಗದದ ಮೇಲೆ ಬರೆದಾಗಿರುತ್ತದೆ. ನನ್ನ ಕೆಲಸವೇ ಅದಾಗಿತ್ತು. ಸುಮಾತ್ರಾ, ಜಾವಾದ ನಿಲ್ದಾಣಗಳಿವೆ, ಆಸ್ಟ್ರೇಲಿಯಾದ ಪಶ್ಚಿಮ ದಡದ ಊರುಗಳಿವೆ. ಸಾಗರದ ನಡುವೆ ಕೋಕೋಸ್ ಅಂತ ಚುಕ್ಕಿಯಂಥ ದ್ವೀಪಗಳಿವೆ, ಅಲ್ಲೂ ಒಂದು ರನ್‌ವೇ ಇದೆ. ಆ ಊರುಗಳಲ್ಲಿ ಹವಾಮಾನ ಕೆಟ್ಟಿದ್ದರೆ ದಾರಿಯನ್ನೇ ಬದಲಿಸುತ್ತೇವೆ.

ಎರಡೂ ಎಂಜಿನ್ ನಿಂತರೆ? 2001ರ ಆಗಸ್ಟ್‌ನಲ್ಲಿ ಏರ್ ಟ್ರಾನ್ಸಾಟ್‌ನ ಒಂದು ಎ330, ಇಂಧನ ಸೋರಿ ಅಟ್ಲಾಂಟಿಕ್ ನಡುವೆ ಹಾಗೇ ಆಯಿತು. ಹತ್ತೊಂಬತ್ತು ನಿಮಿಷ ಎಂಜಿನ್ ಇಲ್ಲದೆ ಹದ್ದಿನ ಹಾಗೆ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಬದುಕಿದರು. ಇದನ್ನು ಮನೆಯವರಿಗೆ ಹೇಳಬೇಕೋ ಬೇಡವೋ ನೀವೇ ನೋಡಿ. ನಾನು ಒಮ್ಮೆ ನನ್ನ ಅಕ್ಕನಿಗೆ ಸಮಾಧಾನಕ್ಕೆಂದು ಹೇಳಿದೆ. ಅವಳು ಟಿಕೆಟ್ ಕ್ಯಾನ್ಸಲ್ ಮಾಡಿಸಿದಳು.

ಇದೇ ಸಾಗರವನ್ನು ಹಿಂದೆ ದಾಟಿದವರ ಕಥೆ ಕೇಳಿದರೆ ನಿಮ್ಮ ಹನ್ನೊಂದೂವರೆ ಗಂಟೆ ಸಣ್ಣದು ಅನಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಸಿಂಗಾಪುರ ಹಿಡಿದ ಮೇಲೆ ಆಸ್ಟ್ರೇಲಿಯಾಕ್ಕೂ ನಮ್ಮ ಕಡೆಗೂ ವಿಮಾನ ಸಂಪರ್ಕ ಕಡಿದುಹೋಯಿತು. 1943ರಿಂದ 1945ರವರೆಗೆ ಕ್ವಾಂಟಾಸ್ ಕಂಪನಿ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಕೆರೆಗೆ ಕ್ಯಾಟಲೀನಾ ಎಂಬ, ನೀರಿನ ಮೇಲಿಳಿಯುವ ವಿಮಾನ ಓಡಿಸಿತು. ಎಲ್ಲೂ ನಿಲ್ಲದೆ 27ರಿಂದ 33 ಗಂಟೆ. ಇಂಧನದ ಭಾರದಿಂದಾಗಿ ಮೂರೇ ಪ್ರಯಾಣಿಕರು, ಒಂದಿಷ್ಟು ಟಪಾಲು. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೊ ಬಾಯಿ ಮುಚ್ಚಿಸಿ, ನಕ್ಷತ್ರ ನೋಡಿ ದಾರಿ ಹುಡುಕುತ್ತಿದ್ದರು. ಒಂದೇ ಪ್ರಯಾಣದಲ್ಲಿ ಸೂರ್ಯ ಎರಡು ಸಲ ಹುಟ್ಟುತ್ತಿದ್ದುದರಿಂದ ಅದಕ್ಕೆ ‘ಎರಡು ಸೂರ್ಯೋದಯ’ದ ಹಾರಾಟ ಅಂತ ಹೆಸರು ಬಂತು. ಪ್ರಯಾಣಿಕರಿಗೆ ಅದರ ಸರ್ಟಿಫಿಕೇಟ್ ಬೇರೆ ಕೊಡುತ್ತಿದ್ದರು.

ನಿಮಗೆ ಒಂದೇ ಸೂರ್ಯೋದಯ, ಆದರೆ ಅದು ಬೇಗ ಬರುತ್ತದೆ. ನೀವು ಸೂರ್ಯನಿಗೆ ಎದುರಾಗಿ ಓಡುತ್ತಿರುತ್ತೀರಿ. ಅಕ್ಟೋಬರ್ ಕೊನೆಯಲ್ಲಿ, ಗೋಣಿಕೊಪ್ಪಲಿನ ಗಡಿಯಾರದಲ್ಲಿ ರಾತ್ರಿ ಎರಡು–ಎರಡೂವರೆಯ ಹೊತ್ತಿಗೆ, ಆಸ್ಟ್ರೇಲಿಯಾದ ದಡದ ಆಸುಪಾಸಿನಲ್ಲಿ ಬೆಳಕು ಹರಿಯುತ್ತದೆ. ಸೂರ್ಯ ವಿಮಾನದ ಮೂಗಿನಿಂದ ಸ್ವಲ್ಪ ಎಡಕ್ಕೆ ಹುಟ್ಟುತ್ತಾನೆ, ಆದ್ದರಿಂದ ಎಡಗಡೆಯ ಕಿಟಕಿ ಕೇಳಿ. ಮನೆಯವರನ್ನು ಅಲ್ಲಿ ಕೂರಿಸಿ. ಕೆಳಗಿನ ನೆಲ ನಮ್ಮ ತೋಟದ ಮಣ್ಣಿಗಿಂತ ಕೆಂಪು.

ಉಳಿದದ್ದು ನೆಲದ ಮೇಲಿನ ಪ್ರಯಾಣ. ಇದನ್ನು ಯಾವ ಮೊಬೈಲೂ ಸರಿಯಾಗಿ ಹೇಳುವುದಿಲ್ಲ. ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ಬೆಂಗಳೂರಿನ ಆ ಕಡೆಯ ತುದಿ. ಗೋಣಿಕೊಪ್ಪಲಿನಿಂದ ಹುಣಸೂರು, ಮೈಸೂರು ದಾಟಿ ಅಲ್ಲಿಗೆ ಹೋಗಲು ಕಡಿಮೆ ಅಂದರೂ ಆರೂವರೆ ಗಂಟೆ ಇಟ್ಟುಕೊಳ್ಳಿ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ನಾನೊಮ್ಮೆ ಹೆಬ್ಬಾಳದ ಟ್ರಾಫಿಕ್ ಎಲ್ಲ ಲೆಕ್ಕ ಹಾಕಿ ಹೊರಟಿದ್ದೆ. ತಿತಿಮತಿ ಹತ್ತಿರ ಬೆಳಗಿನ ಜಾವ ಮೂರು ಆನೆ ಒಂದು ಮರಿ ರಸ್ತೆಯಲ್ಲಿ ನಿಂತು ಮುಕ್ಕಾಲು ಗಂಟೆ ಕದಲಲಿಲ್ಲ. ಜಗತ್ತಿನ ಗಾಳಿಯನ್ನೆಲ್ಲ ಲೆಕ್ಕ ಹಾಕುವವನು ಕಾರಿನ ಹೆಡ್‌ಲೈಟ್ ಆರಿಸಿ ಸುಮ್ನೆ ಕೂತಿದ್ದೆ. ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಉಳಿಯುವುದು ಒಳ್ಳೆಯದು.

ಮಗಳಿಗೆಂದು ಕಟ್ಟಿಕೊಳ್ಳುವ ಗಂಟಿನ ಬಗ್ಗೆಯೂ ಒಂದು ಮಾತು. ಪಂದಿ ಕರಿ, ಕಿತ್ತಳೆ, ಹಸಿ ಸೊಪ್ಪು ಬೇಡವೇ ಬೇಡ. ಆಸ್ಟ್ರೇಲಿಯಾದವರು ಈ ವಿಷಯದಲ್ಲಿ ತುಂಬಾ ಬಿಗಿ. ಕಾಚಂಪುಳಿ, ಕಾಳುಮೆಣಸು, ಕಾಫಿಪುಡಿ ಏನೇ ಇದ್ದರೂ ಇಳಿಯುವ ಮೊದಲು ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.

ವಾಪಸ್ ಬರುವ ದಿನ ಸಂಜೆ 4:50ಕ್ಕೆ ಬೆಂಗಳೂರಿನಲ್ಲಿ ಇಳಿದಾಗ ಇನ್ನೂ ಬಿಸಿಲಿರುತ್ತದೆ, ಇವತ್ತೇ ಮನೆ ಸೇರಿಬಿಡೋಣ ಅನಿಸುತ್ತದೆ. ಆದರೆ ನಿಮ್ಮ ಮೈಗೆ ಆಗ ರಾತ್ರಿ ಹತ್ತೂ ಇಪ್ಪತ್ತು. ಸಾಮಾನು ಸಿಕ್ಕಿ ಹೊರಗೆ ಬರುವಾಗ ಆರು ಗಂಟೆ, ಮೈಸೂರು ಮುಟ್ಟುವಾಗ ಹತ್ತೂವರೆ–ಹನ್ನೊಂದು. ಅಲ್ಲಿಂದ ಮುಂದೆ ಕಾಡಿನ ರಸ್ತೆ. ಆ ರಾತ್ರಿ ಮೈಸೂರಿನಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಹೊರಡಿ.